ಒರಟ, ಸಾಧು ಮತ್ತು ಒಂದು ಮಾರು ಸೇವಂತಿಗೆ

ನವೆಂಬರ್ 10, ಸೋಮವಾರ

ಇವತ್ತೂ ಫಲಿತಾಂಶ ಬರ್ಲಿಲ್ಲ. ಸಾಧು ತಳಿ ಹೊಕ್ಕ ಜೀವಕೋಶಗಳೂ ಒರಟ ತಳಿ ಹೊಕ್ಕ ಜೀವಕೋಶಗಳೂ ಒಂದೇ ಮಾತು ಹೇಳಿ ಸುಮ್ಮನಾದ್ವು. ಅಕ್ಟೋಬರ್‌ನಲ್ಲೂ ಇದೇ ಕೈ, ಇದೇ ಜೀವಕೋಶ, ಇದೇ ಪರಾವಲಂಬಿ. ಆಗ ಮಾತ್ರ ಸಾಧು ಹೊಕ್ಕ ಕಡೆ ನೂರಾರು ಜೀನ್‌ಗಳು ಒಟ್ಟಿಗೆ ಎದ್ದು ಕೂತಿದ್ವು. ಈಗ ಕಾಲು ಹಿಡಿದ್ರೂ ಏಳ್ತಿಲ್ಲ. ತಲೆ ಚಿಟ್ಟು ಹಿಡಿದುಹೋಗಿದೆ.

ಹೇಳಿಬಿಡೋಣ ಅಂತ ಅಮ್ಮಾವ್ರ ಕೋಣೆ ಹೊರಗೆ ನಿಂತೆ. ಡಾಕ್ಟರ್ ಅನಂತಲಕ್ಷ್ಮಿ, ನನ್ನ ಗೈಡ್, ನನ್ನ ಆರು ವರ್ಷದ ಗ್ರಹಚಾರ. ಅವರು ಕರೆಯೋ ತನಕ ಒಳಗೆ ಕಾಲಿಡೋ ಹಾಗಿಲ್ಲ. ಈ ಬಾಗಿಲ ಹೊರಗೆ ನಿಂತು ನಿಂತೇ ನನ್ನ ವಯಸ್ಸು ಕಳೀತು. ಒಳಗೆ ಫೋನಲ್ಲಿ ಯಾರಿಗೋ ಹೇಳ್ತಿದ್ರು: "ಹೌದು, ಬಹಳ ದೊಡ್ಡ ವ್ಯತ್ಯಾಸ. ಕಮಿಟಿ ಮುಂದೆ ಇದನ್ನೇ ಇಡ್ತೀನಿ." ಅದನ್ನ ಕೇಳಿಸಿಕೊಂಡು ಸದ್ದಿಲ್ಲದೆ ವಾಪಸ್ ಬಂದೆ.

ಜನವರಿ ಕೊನೆಗೆ ಅಮ್ಮಾವ್ರು ರಿಟೈರ್ ಆಗ್ತಾರೆ. ಈ ಫಲಿತಾಂಶ ಗಟ್ಟಿಯಾದ್ರೆ ಕಮಿಟಿಯವರು ಇನ್ನೆರಡು ವರ್ಷ ಲ್ಯಾಬನ್ನ ಅವರ ಕೈಲೇ ಬಿಡ್ತಾರೆ, ನನ್ನ ಥೀಸಿಸ್ಸೂ ಮುಗಿಯತ್ತೆ. ಆಗ್ಲಿಲ್ಲ ಅಂದ್ರೆ ಲ್ಯಾಬ್ ಬೇರೆಯವರ ಪಾಲು, ನಾನು ಇನ್ಯಾರದೋ ಬಾಗಿಲಲ್ಲಿ ನಿಲ್ಲಬೇಕು. ಮುಗಿಸಿ ಈ ಜಾಗದಿಂದ ಓಡಿಹೋದ್ರೆ ಸಾಕಾಗಿದೆ ನನಗೆ.

ನವೆಂಬರ್ 14, ಶುಕ್ರವಾರ

ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬ್ತಾ ಅಮ್ಮ ಕೇಳಿದ್ಳು, "ಅಲ್ಲ ಕಣೇ ಜ್ಯೋತಿ, ಪಕ್ಕದ್ಮನೆ ಹೊನ್ನವ್ವ ಕೇಳ್ತಾಳೆ ನೀನು ಏನು ಓದ್ತಿದೀಯ ಅಂತ. ಏನಂತ ಹೇಳ್ಲಿ?"

ಬಸ್ಸಿಗೆ ಹೊತ್ತಾಗಿತ್ತು. ಆದ್ರೂ ಹೇಳ್ದೆ. ಬೆಕ್ಕಿನಿಂದ ಮನುಷ್ಯರಿಗೆ ಬರೋ ಒಂದು ಪರಾವಲಂಬಿ ಇದೆ. ಕಣ್ಣಿಗೆ ಕಾಣಲ್ಲ. ಅದರಲ್ಲಿ ಜಾತಿ ಒಂದೇ, ತಳಿ ಬೇರೆಬೇರೆ. ಒಂದು ಒರಟು, ಹೊಕ್ಕ ಕಡೆ ಎಲ್ಲಾ ಧ್ವಂಸ. ಇನ್ನೊಂದು ಸಾಧು, ಒಳಗೆ ಹೋಗಿ ಸದ್ದಿಲ್ಲದೆ ವರ್ಷಾನುಗಟ್ಟಲೆ ಕೂತಿರತ್ತೆ. ಮನುಷ್ಯರ ಚರ್ಮದ ಜೀವಕೋಶಕ್ಕೆ ಅವೆರಡನ್ನೂ ಬೇರೆಬೇರೆಯಾಗಿ ಬಿಟ್ಟು, ಯಾರು ಬಂದಾಗ ಜೀವಕೋಶದ ಯಾವ್ಯಾವ ಜೀನ್ ಕೆಲಸಕ್ಕೆ ಇಳಿಯತ್ತೆ, ಯಾವ್ಯಾವುದು ಮಲಗತ್ತೆ ಅಂತ ಹೋಲಿಸಿ ನೋಡೋದು ನನ್ನ ಕೆಲಸ.

ಅಮ್ಮ ಡಬ್ಬಿ ಮುಚ್ಚಳ ಒತ್ತುತ್ತಾ, "ಮನೆಗೆ ಯಾರಾದ್ರೂ ಬಂದು ತಳ ಊರಿದ್ರೆ ಮನೆಯೋರಿಗೆ ಏನೇನಾಗತ್ತೆ ಅಂತ ನೋಡಕ್ಕೆ ಇಷ್ಟು ವರ್ಷ ಬೇಕಾ? ನಿಮ್ಮ ಸೋದರತ್ತೆ ಬಂದಾಗ ನನ್ನ ಕೇಳಿದ್ರೆ ಹೇಳ್ತಿದ್ನಲ್ಲ" ಅಂದ್ಳು. ಅಪ್ಪ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದು ನನಗೆ ಕಾಣಿಸ್ತು. ನನಗೆ ನಗು ಬರ್ಲಿಲ್ಲ. ಲಗ್ಗೆರೆಯಿಂದ ನಾಯಂಡಹಳ್ಳಿ ತನಕ ಬಸ್ಸಲ್ಲಿ ನಿಂತೇ ಬಂದೆ. ಅಲ್ಲಿಂದ ಕೆಂಗೇರಿಗೆ ಮೆಟ್ರೋನಲ್ಲೂ ಸೀಟಿಲ್ಲ.

ನವೆಂಬರ್ 19, ಬುಧವಾರ

ಬರ್ಲಿಲ್ಲ.

ನವೆಂಬರ್ 25, ಮಂಗಳವಾರ

ಕೊನೆಗೂ ಹೇಳಿದೆ. ಮಂಗಳಾರತಿ ಆಯ್ತು. "ಆರ್‌ಎನ್‌ಎ ತೆಗೆಯುವಾಗ ಗಮನ ಎಲ್ಲಿರತ್ತೆ ನಿಂದು? ಫೋನಲ್ಲಾ?" ಅಂತ. ಕವನಾ ಪಕ್ಕದಲ್ಲೇ ತಲೆ ತಗ್ಗಿಸಿಕೊಂಡು ಟ್ಯೂಬ್‌ಗಳ ಮೇಲೆ ಹೆಸರು ಬರೀತಿದ್ಳು. ನನ್ನ ಜೊತೆಗೇ ಸೇರಿದವಳು, ಅವಳ ಕೆಲಸ ಮುಗಿಯೋಕೆ ಬಂದಿದೆ. ನನಗೆ ಬೈಯೋದನ್ನ ಕೇಳಿ ಕೇಳಿ ಅವಳ ಕಿವಿ ತೂತಾಗಿರಬೇಕು.

ಬೈದು ಮುಗಿಸಿ ಅಮ್ಮಾವ್ರು ಸಣ್ಣ ಇನ್ಕ್ಯುಬೇಟರ್ ಹತ್ರ ಹೋದ್ರು. ಜೀವಕೋಶ ಬೆಳೆಸೋ ಈ ಬೆಚ್ಚನೆ ಪೆಟ್ಟಿಗೆಗಳು ನಮ್ಮಲ್ಲಿ ಎರಡಿವೆ. ಒರಟನ ಒಂದು ತೊಟ್ಟು ಸಾಧುವಿನ ತಟ್ಟೆಗೆ ಸಿಡಿದ್ರೂ ಒಂದೇ ವಾರದಲ್ಲಿ ಪೂರ್ತಿ ಅವನದೇ ರಾಜ್ಯ. ಅದಕ್ಕೇ ದೊಡ್ಡ ಪೆಟ್ಟಿಗೇಲಿ ಒರಟ, ಏನೂ ಬಿಡದ ಶುದ್ಧ ಜೀವಕೋಶಗಳೂ ಅದರಲ್ಲೇ. ಸಣ್ಣದರಲ್ಲಿ ಸಾಧು ಒಬ್ಬನೇ. ಸಣ್ಣದು ಅಮ್ಮಾವ್ರು ಮೊದಲನೇ ಪ್ರಾಜೆಕ್ಟಿನ ದುಡ್ಡಲ್ಲಿ ತಗೊಂಡಿದ್ದು. ಅಲಾರಂ ಕೆಟ್ಟು ಯಾವ ಕಾಲವಾಯ್ತೋ, ಆದ್ರೂ ಎಸೆಯೋಕೆ ಬಿಡಲ್ಲ. ಒಳಗೆ ಇಣುಕಿ, ಬಾಗಿಲು ಹಾಕಿ, ಅದರ ನೆತ್ತಿ ಮೇಲೆ ಎರಡು ಸಲ ತಟ್ಟಿದ್ರು, ಹಸುವಿನ ಬೆನ್ನು ತಟ್ಟೋ ಹಾಗೆ. ಪ್ರತಿ ಸಲ ಹಾಗೇ. ಅದನ್ನ ನೋಡಿದ್ರೆ ನನಗೆ ಮೈ ಉರಿಯತ್ತೆ. ಪೆಟ್ಟಿಗೆಗೆ ಮುದ್ದು, ನನಗೆ ಬೈಗುಳ.

ಊಟಕ್ಕೆ ಕೂತಾಗ ಕವನಾ ಅಂದ್ಳು, "ಅಕ್ಟೋಬರ್‌ನಲ್ಲಿ ಯಾಕೆ ಬಂತು ಗೊತ್ತಾ? ಆಯುಧ ಪೂಜೆ ದಿನ ಇಟ್ಟಿದ್ದೆ ನೀನು. ದೇವರ ಕೃಪೆ ಕಣೇ. ಇನ್ನೊಂದು ಸಲ ಪೂಜೆ ಮಾಡ್ಸು." ಅವಳ ಮೇಲೂ ರೇಗಿದೆ.

ಡಿಸೆಂಬರ್ 4, ಗುರುವಾರ

ಇವತ್ತು ಅಮ್ಮಾವ್ರೇ ಏಪ್ರನ್ ಹಾಕ್ಕೊಂಡು ಬಂದು ನನ್ನ ಪಕ್ಕ ಕೂತ್ರು. "ನಡಿ, ಇಬ್ಬರೂ ಮಾಡೋಣ." ಅವರು ಪಿಪೆಟ್ ಹಿಡಿದಿದ್ದನ್ನ ನಾನು ನೋಡಿದ್ದು ಇದೇ ಮೊದಲು. ಕೈ ಸ್ವಲ್ಪ ನಡುಗತ್ತೆ. ಗೊತ್ತಾಗಬಾರದು ಅಂತ ಮೊಣಕೈಯನ್ನ ಟೇಬಲ್ ಮೇಲೆ ಊರಿಕೊಂಡ್ರು. ನಿಧಾನ ಅಂದ್ರೆ ನಿಧಾನ. ನಾನು ಒಬ್ಬಳೇ ಆಗಿದ್ರೆ ಊಟದ ಹೊತ್ತಿಗೆ ಮುಗಿಸಿರ್ತಿದ್ದೆ, ಸಂಜೆಯಾಯ್ತು.

ಮಧ್ಯೆ ಎದ್ದು ಹೋಗೋ ಹಾಗಿರ್ಲಿಲ್ಲ, ಅದಕ್ಕೇ ನನ್ನ ಡಬ್ಬಿ ಇಬ್ಬರೂ ತಿಂದ್ವಿ. "ಹುಳಿಯವಲಕ್ಕಿ ನಿಮ್ಮಮ್ಮ ಮಾಡಿದ್ದಾ?" ಅಂತ ಕೇಳಿ ಕೊನೇ ತುತ್ತೂ ಅವರೇ ತಿಂದ್ರು. ಚಂದ್ರಾ ಲೇಔಟ್ ಮನೇಲಿ ಒಬ್ಬರೇ ಅಂತೆ, ಅಡುಗೆ ಮಾಡಿಕೊಳ್ಳೋಕೆ ಬೇಜಾರಂತೆ. ಅದನ್ನೆಲ್ಲ ನನಗ್ಯಾಕೆ ಹೇಳ್ತಾರೋ.

ಡಿಸೆಂಬರ್ 8, ಸೋಮವಾರ

ಅವರ ಕೈಗೂ ಬರ್ಲಿಲ್ಲ. ಬೈತಾರೆ ಅಂತ ಕಾದಿದ್ದೆ. ಹಾಳೆಯನ್ನ ತಿರುಗಿಸಿ ಮುರುಗಿಸಿ ನೋಡಿ, "ನಿನ್ನ ಕೈಯಲ್ಲಿ ತಪ್ಪಿಲ್ಲ ಜ್ಯೋತಿ" ಅಂದ್ರು. ಅಷ್ಟೇ. ಈ ಮಾತಿಗೆ ಆರು ವರ್ಷ ಕಾದಿದೀನಿ. ಹೇಳಿದ್ದು ಈಗ, ಎಲ್ಲಾ ಮುಳುಗೋ ಹೊತ್ತಲ್ಲಿ. ಇದಕ್ಕಿಂತ ಬೈದಿದ್ರೇ ಚೆನ್ನಾಗಿರ್ತಿತ್ತು.

ಡಿಸೆಂಬರ್ 13, ಶನಿವಾರ

ಸಣ್ಣ ಪೆಟ್ಟಿಗೆ ತೊಳೆಯೋ ಪಾಳಿ ನನ್ನದು. ತಟ್ಟೆಗಳನ್ನ ತೆಗೆದು ಸ್ಪಿರಿಟ್ ಹಚ್ಚಿ ಒರೆಸ್ತಿದ್ದೆ. ಬಾಗಿಲ ಸುತ್ತ ರಬ್ಬರ್ ಪಟ್ಟಿ ಇದೆಯಲ್ಲ, ಒಳಗಿನ ಗಾಳಿ ಹೊರಗೆ ಹೋಗದೆ ಇರ್ಲಿ ಅಂತ, ಅದರ ಮಡಿಕೆಯೊಳಗೆ ಬಟ್ಟೆ ಹಾಕಿ ಎಳೆದ್ರೆ ಏನೋ ಬಂತು. ಹಳದಿ. ಒಣಗಿ ಗರಿಗರಿಯಾಗಿತ್ತು. ಸೇವಂತಿಗೆ ಎಸಳು. ಜೊತೆಗೆ ಬಾಳೆನಾರಿನ ಒಂದು ತುಂಡು.

ಒರೆಸೋದು ಬಿಟ್ಟು ನೆಲದ ಮೇಲೇ ಕೂತೆ.

ಆಯುಧ ಪೂಜೆ ದಿನ ಮಧ್ಯಾಹ್ನ ನಾನು ಸೋಂಕು ಹಾಕಿ ಎರಡೂ ಪೆಟ್ಟಿಗೇಲಿ ತಟ್ಟೆ ಇಟ್ಟೆ. ಆಮೇಲೆ ಪೂಜೆ. ಸೂಕ್ಷ್ಮದರ್ಶಕಕ್ಕೆ ಅರಿಶಿನ ಕುಂಕುಮ, ದೊಡ್ಡ ಪೆಟ್ಟಿಗೆಗೆ ಒಂದು ಹೂವು, ಸಣ್ಣದಕ್ಕೆ ಮಾತ್ರ ಪೂರಾ ಹಾರ. ಪ್ರತಿ ವರ್ಷ ಅದಕ್ಕೆ ಅಮ್ಮಾವ್ರ ಕೈಯಿಂದಲೇ ಹಾರ. ಪೂಜೆ ಮಾಡಿದ ಮೇಲೆ ಯಂತ್ರ ಮುಟ್ಟಬಾರದು ಅಂತ ಎಲ್ಲರೂ ಮನೆಗೆ ಹೋದ್ವಿ. ಮಾರನೇ ದಿನ ವಿಜಯದಶಮಿ, ಸಂಜೆ ನಾನೊಬ್ಬಳೇ ಬಂದು ಬಾಗಿಲು ತೆಗೆದಾಗ ಹಾರ ಕೆಳಗೆ ಬಿತ್ತು. ಕಸದ ಬುಟ್ಟಿಗೆ ಹಾಕಿದೆ. ಆಗ ಅದು ಬಾಗಿಲ ಮೇಲಿಂದ ಜಾರಿ ಬಿತ್ತು ಅಂದ್ಕೊಂಡೆ. ಬಾಗಿಲ ಸಂದಿಗೆ ಸಿಕ್ಕಿಕೊಂಡಿತ್ತಾ? ರಾತ್ರಿಯೆಲ್ಲಾ ಗಾಳಿ ಸೋರ್ತಿತ್ತಾ? ಹಾಗಾದ್ರೆ ಜೀವಕೋಶ ಹೆದರಿ ಎದ್ದು ಕೂತಿದ್ದು ಸಾಧುವಿಗಲ್ಲ. ಚಳಿಗೆ, ಒಳಗಿನ ಗಾಳಿ ಕೆಟ್ಟಿದ್ದಕ್ಕೆ.

ಶುದ್ಧ ಜೀವಕೋಶಗಳು ದೊಡ್ಡ ಪೆಟ್ಟಿಗೇಲಿದ್ವು, ಬೆಚ್ಚಗೆ. ಸಣ್ಣದರಲ್ಲಿ ಒಂದು ಶುದ್ಧ ತಟ್ಟೆ ಇಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತು. ಜಾಗ ಇಲ್ಲ ಅಂತ ಇಡ್ಲಿಲ್ಲ, ಅವರೂ ಇಡು ಅನ್ನಲಿಲ್ಲ.

ಎಸಳನ್ನ ಒಂದು ಟ್ಯೂಬಲ್ಲಿ ಹಾಕಿಟ್ಟಿದೀನಿ. ಯಾಕೋ ಗೊತ್ತಿಲ್ಲ.

ಡಿಸೆಂಬರ್ 15, ಸೋಮವಾರ

ಕೆಂಗೇರಿ ಬಸ್ ಸ್ಟ್ಯಾಂಡ್ ಹತ್ರ ಹೂವಿನ ಆಂಟಿ. "ಸೇವಂತಿಗೆ ಹಾರ ಕೊಡಿ ಆಂಟಿ, ಒಂದು ಮಾರು."

"ಯಾವ ದೇವರಿಗಮ್ಮ? ಅಮ್ಮನವರಿಗಾದ್ರೆ ಕೆಂಪು ಸೇರಿಸಿ ಕೊಡ್ತೀನಿ."

"ಪೆಟ್ಟಿಗೆಗೆ" ಅಂದೆ. ಬಾಯಿಗೆ ಬಂದಿದ್ದು ಅದೇ.

ಅವರು ನನ್ನ ಮುಖ ನೋಡಿ, ಇನ್ನೊಂದು ಗೇಣು ಸೇರಿಸಿ ಕೊಟ್ರು. ಕನಿಕರ ಇರಬೇಕು.

ಅಮ್ಮಾವ್ರು ಮೀಟಿಂಗಿಗೆ ಹೋಗಿದ್ದಾಗ ಶುದ್ಧ ಜೀವಕೋಶಗಳನ್ನ ಸಣ್ಣ ಪೆಟ್ಟಿಗೇಲಿ ಇಟ್ಟೆ. ಯಾವ ಪರಾವಲಂಬಿಯೂ ಇಲ್ಲ. ಅವರು ಹಾಕೋ ಹಾಗೇ ಹಾರ ಹಾಕಿ, ಅದರ ಮೇಲೇ ಬಾಗಿಲು ಮುಚ್ಚಿದೆ. ಮುಚ್ಚಿದ ಹಾಗೇ ಕಾಣತ್ತೆ. ಕವನಾ ನೋಡಿ ಬಾಯಿ ಮುಚ್ಚಿಕೊಂಡ್ಳು. "ನಾನು ತಮಾಷೆಗೆ ಹೇಳಿದ್ದು ಕಣೇ" ಅಂದ್ಳು.

ಡಿಸೆಂಬರ್ 18, ಗುರುವಾರ

ಬಂತು.

ಅಕ್ಟೋಬರ್‌ನಲ್ಲಿ ಎದ್ದಿದ್ದ ಅದೇ ಜೀನ್‌ಗಳು. ಪರೀಕ್ಷೆಗೆ ಆರಿಸಿದ್ದರಲ್ಲಿ ಒಂದೂ ತಪ್ಪಲಿಲ್ಲ. ಎರಡು ತಿಂಗಳಿಂದ ಬಾ ಬಾ ಅಂತ ಕರೀತಿದ್ನಲ್ಲ, ಬರೀ ಹೂವಿಗೆ ಬಂತು. ಕಂಪ್ಯೂಟರ್ ಮುಂದೆ ಕೂತು ಜೋರಾಗಿ ನಕ್ಕೆ. ಆಮೇಲೆ ಬಸ್ಸಲ್ಲಿ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಿಟಕಿ ಸೀಟು ಬಿಟ್ಟುಕೊಟ್ರು.

ಡಿಸೆಂಬರ್ 24, ಬುಧವಾರ

ಇನ್ನೂ ಹೇಳಿಲ್ಲ. ಕಮಿಟಿ ಜನವರಿ ಹನ್ನೆರಡಕ್ಕೆ.

ಕವನಾ ಹೇಳ್ತಾಳೆ, "ಸುಮ್ನಿರು. ಕಮಿಟಿ ಮುಗೀಲಿ. ಎರಡು ವರ್ಷ ಸಿಕ್ಕಿದ ಮೇಲೆ ನಿಧಾನಕ್ಕೆ ಹೇಳು, ರಿಪೀಟ್ ಆಗ್ತಿಲ್ಲ ಮೇಡಂ ಅಂತ. ಯಾರ ಮನೆಯೂ ಮುಳುಗಲ್ಲ." ಅವಳು ಹೇಳೋದೂ ಸರಿಯೇ. ಸರಿ ಅನ್ನಿಸ್ತಿದೆ ಅನ್ನೋದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಮಧ್ಯಾಹ್ನ ಮೇಡಂ ಕರೆದು ಸ್ಲೈಡ್ ತೋರಿಸಿದ್ರು. ಸಾಧು ಹೊಕ್ಕ ಜೀವಕೋಶದ ಚಿತ್ರಕ್ಕೆ ಕೆಂಪು ಬಣ್ಣ ಅವರೇ ಕೂತು ತುಂಬಿದಾರೆ. "ಚೆನ್ನಾಗಿದೆಯಾ? ಮೊದಲನೇ ಹೆಸರು ನಿಂದೇ ಇರತ್ತೆ ಪೇಪರಲ್ಲಿ." ಎರಡು ವರ್ಷ ಸಿಕ್ಕಿದ್ರೆ ಏನೇನು ಮಾಡಬೇಕು ಅಂತ ಹೇಳ್ತಾ ಹೋದ್ರು. ಹೊಸ ಪೆಟ್ಟಿಗೆ ತಗೊಳ್ಳೋಣ, ಹಳೇದು ಇರ್ಲಿ ಪಾಪ, ಅಂದ್ರು. ಇಷ್ಟು ಮಾತಾಡಿದ್ದು ನಾನು ಯಾವತ್ತೂ ಕೇಳಿರ್ಲಿಲ್ಲ. ಟ್ಯೂಬ್ ನನ್ನ ಏಪ್ರನ್ ಜೇಬಲ್ಲೇ ಇತ್ತು. ಚೆನ್ನಾಗಿದೆ ಮೇಡಂ ಅಂದೆ. ಹೊರಗೆ ಬಂದು ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಸುಮ್ಮನೆ ನಿಂತಿದ್ದೆ.

ಮನೇಲಿ ಊಟ ಸೇರ್ಲಿಲ್ಲ. ಅಮ್ಮ ದೃಷ್ಟಿ ತೆಗೆದ್ಳು.

ಜನವರಿ 2, ಶುಕ್ರವಾರ

ಹೇಳಿದೆ.

ಕೋಣೆಗೆ ಹೋಗಿ ಟ್ಯೂಬ್ ಟೇಬಲ್ ಮೇಲಿಟ್ಟೆ. ಹೇಗೆ ಶುರು ಮಾಡಬೇಕು ಅಂತ ಹಾದಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆಲ್ಲಾ ಮರೆತುಹೋಯ್ತು. "ಸಣ್ಣ ಪೆಟ್ಟಿಗೆ ಬಾಗಿಲಲ್ಲಿ ಸಿಕ್ತು ಮೇಡಂ" ಅಂದೆ. ಆಮೇಲೆ ಎಲ್ಲಾ ಹೇಳಿದೆ, ಶುದ್ಧ ಜೀವಕೋಶ, ಹೂವಿನ ಆಂಟಿ, ಫಲಿತಾಂಶದ ಹಾಳೆ. ಹಾರ ಯಾರು ಹಾಕಿದ್ದು ಅಂತ ಮಾತ್ರ ಹೇಳ್ಲಿಲ್ಲ. ಯಾರೋ ಹಾಕಿದ್ರು ಅಂದೆ.

ಟ್ಯೂಬನ್ನ ಬೆಳಕಿಗೆ ಹಿಡಿದು ನೋಡಿದ್ರು.

"ಯಾರೋ ಅಲ್ಲ. ನಾನೇ."

ಬೈದುಬಿಡ್ಲಿ ದೇವರೇ ಅನ್ನಿಸ್ತಿತ್ತು.

"ಹಾರ ಇಲ್ಲದೆ ಅದೇ ಪೆಟ್ಟಿಗೇಲಿ ಶುದ್ಧ ಜೀವಕೋಶ ಇಟ್ಟು ನೋಡಿದ್ಯಾ?"

"ನೋಡಿದೆ ಮೇಡಂ. ಏನೂ ಏಳ್ಲಿಲ್ಲ."

"ಎಷ್ಟು ಸಲ?"

"ಒಂದೇ ಸಲ."

"ಒಂದು ಸಲ ಬಂದಿದ್ದು ಲೆಕ್ಕಕ್ಕಿಲ್ಲ. ಒಂದು ಸಲ ಬಂದಿದ್ದನ್ನ ನಂಬಿ ತಾನೇ ಈಗ ಹೀಗಾಗಿರೋದು." ಎದ್ದು ಬ್ಯಾಗ್ ತಗೊಂಡ್ರು. "ಹೂವು ಎಲ್ಲಿ ಸಿಗತ್ತೆ ಅಂದೆ?"

ನಾನೇ ತರ್ತೀನಿ ಅಂದ್ರೂ ಕೇಳ್ಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡ್ ತನಕ ನಡೆದ್ವಿ. ಹೂವಿನ ಆಂಟಿ ನನ್ನ ಗುರುತು ಹಿಡಿದು, "ಪೆಟ್ಟಿಗೆಗಾ?" ಅಂತ ಕೇಳಿದ್ರು. ಮೇಡಂ ಹೌದು ಅಂದ್ರು. ಚೌಕಾಸಿ ಬೇರೆ ಮಾಡಿದ್ರು.

ವಾಪಸ್ ಬಂದು ಅವರ ಕೈಯಿಂದಲೇ ಹಾರ ಹಾಕಿದ್ರು. ಅಷ್ಟು ವರ್ಷ ಹೇಗೆ ಹಾಕ್ತಿದ್ರೋ ಹಾಗೇ, ಎರಡೂ ಕಡೆ ಸಮ ಮಾಡಿ, ಕುಚ್ಚು ಮುಂದಕ್ಕೆ ಬರೋ ಹಾಗೆ. "ಮೊದಲ ವರ್ಷ ನಮ್ಮಮ್ಮ ಬಂದು ಹಾಕಿದ್ರು ಇದಕ್ಕೆ. ನನ್ನ ಮಗಳಿಗೆ ಅನ್ನ ಕೊಡೋ ಯಂತ್ರ ಅಂತ." ಬಾಗಿಲು ಮುಚ್ಚಿದ್ರು. ತಟ್ಟಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳೋದು ಅಂತಲೇ ಗೊತ್ತಾಗ್ತಿಲ್ಲ. ಹೂವಿನ ಮೇಲಾ?

ಜನವರಿ 7, ಬುಧವಾರ

ಅವರ ಕೈಗೂ ಬಂತು. ಹಾಳೆ ನೋಡಿ, "ಈಗ ನಂಬಬಹುದು" ಅಂದ್ರು. ನಾನು ಹಾಳೆಯನ್ನ ಮತ್ತೆ ಮೊದಲಿಂದ ಓದಿದೆ. ಅವರು ಮಾತ್ರ ಆರಾಮಾಗಿ ಕನ್ನಡಕ ಒರೆಸಿಕೊಂಡ್ರು.

ಜನವರಿ 12, ಸೋಮವಾರ

ಕಮಿಟಿ ಇವತ್ತು. ಸ್ಲೈಡ್ ಬದಲಾಯಿಸೋಕೆ ನನ್ನನ್ನ ಒಳಗೆ ಕೂರಿಸಿಕೊಂಡಿದ್ರು. ಅಕ್ಟೋಬರ್ ಫಲಿತಾಂಶ ತೋರಿಸಿದ್ರು, ಎಲ್ಲರೂ ತಲೆ ಆಡಿಸಿದ್ರು. ಆಮೇಲೆ, "ಇದು ತಪ್ಪು. ಯಾಕೆ ತಪ್ಪು ಅಂತ ನನ್ನ ವಿದ್ಯಾರ್ಥಿನಿ ಜ್ಯೋತಿಲಕ್ಷ್ಮಿ ಕಂಡುಹಿಡಿದಳು" ಅಂತ ಮುಂದಿನ ಸ್ಲೈಡ್ ಹಾಕಿಸಿದ್ರು. ಪೆಟ್ಟಿಗೆ, ಅದಕ್ಕೆ ಹಾರ. ಯಾರೋ ಒಬ್ಬರು ಕಿಸಕ್ ಅಂತ ನಕ್ರು. ಬಾಯಿಗೆ ಬಂದ ಹಾಗೆ ಬೈಬೇಕು ಅನ್ನಿಸ್ತು ನನಗೆ. ಮೇಡಂ ಅವರ ಕಡೆ ತಿರುಗಿ, "ನಿಮ್ಮ ಲ್ಯಾಬಲ್ಲೂ ಪೂಜೆ ಮಾಡ್ತೀರಲ್ವಾ ಸಾರ್? ಬಾಗಿಲು ನೋಡಿಕೊಳ್ಳಿ" ಅಂದ್ರು.

ಸಂಜೆ ಕಾಗದ ಬಂತು. ವಿಸ್ತರಣೆ ಇಲ್ಲ. ಲ್ಯಾಬ್ ಪಕ್ಕದ ವಿಭಾಗದ ಶೈಲಾ ಮೇಡಂಗೆ. ನನ್ನ ಥೀಸಿಸ್ಸೂ ಅವರಿಗೇ, ಇನ್ನೊಂದು ವರ್ಷ ಹೆಚ್ಚು. ಹೋಲಿಕೆಯನ್ನ ಮೊದಲಿಂದ ಮಾಡಬೇಕು.

ಹೇಳದೆ ಇದ್ದಿದ್ರೆ ಎಲ್ಲಾ ಸಿಕ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡಿದೆ. ಹೇಳಬಾರದಿತ್ತು ಅಂತ ಒಂದು ಸಲವೂ ಅನ್ನಿಸ್ಲಿಲ್ಲ, ಅದೊಂದು ದೊಡ್ಡ ತಲೆನೋವು.

ಜನವರಿ 16, ಶುಕ್ರವಾರ

ಅಮ್ಮ ಮೇಡಂಗೆ ಅಂತ ಎಳ್ಳುಬೆಲ್ಲ ಕಟ್ಟಿಕೊಟ್ಟಿದ್ಳು. ನಾನು ಕೇಳಿರ್ಲಿಲ್ಲ, ಹುಳಿಯವಲಕ್ಕಿ ವಿಷಯ ಯಾವಾಗ ಹೇಳಿದ್ನೋ. ಇವತ್ತು ಸಣ್ಣ ಪೆಟ್ಟಿಗೆ ಬಾಗಿಲು ಹಾಕಿ ಬರ್ತಿದ್ರೆ ಕವನಾ ನಗ್ತಾ ನಿಂತಿದ್ಳು. "ಏನು?" ಅಂದೆ. "ಏನಿಲ್ಲ, ನೀನೂ ತಟ್ಟು ತಟ್ಟು" ಅಂದ್ಳು. ಏನು ಹೇಳ್ತಿದಾಳೆ ಅಂತ ಅರ್ಥ ಆಗ್ಲಿಲ್ಲ, ಕೇಳೋಕೂ ಪುರುಸೊತ್ತಿರ್ಲಿಲ್ಲ.

ಜನವರಿ 31, ಶನಿವಾರ

ಬೀಳ್ಕೊಡುಗೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ಹಾರ ಹಾಕೋಕೆ ನನ್ನನ್ನೇ ಕರೆದ್ರು. ಗಂಧದ ಹಾರ ತನ್ನಿ ಅಂತ ಮೂರು ಸಲ ಹೇಳಿದ್ದೆ, ಆಫೀಸಿನವರು ತಂದಿದ್ದು ಸೇವಂತಿಗೆ. ಪಿತ್ತ ನೆತ್ತಿಗೇರಿತು. ಹಲ್ಲು ಕಚ್ಚಿಕೊಂಡು ಹಾಕಿದೆ. ಬಗ್ಗಿ ಹಾಕಿಸಿಕೊಳ್ತಾ ಮೇಡಂ ನನ್ನ ಕಿವಿ ಹತ್ರ, "ಬಾಗಿಲು ಮುಚ್ಚಿದೆಯಾ ನೋಡು" ಅಂದ್ರು. ಫೋಟೋದಲ್ಲಿ ಇಬ್ಬರೂ ನಗ್ತಿದೀವಿ. ಅಳ್ತಿದ್ದೆ ಅಂತ ಕವನಾ ಹೇಳ್ತಾಳೆ, ಸುಳ್ಳು.

ಫೆಬ್ರವರಿ 4, ಬುಧವಾರ

ಅವರ ಕೋಣೆಗೆ ಬೀಗ. ಹೊರಗೆ ಯಾಕೆ ನಿಂತಿದ್ದೆ ಅಂತ ನನಗೇ ಗೊತ್ತಾಗ್ಲಿಲ್ಲ. ಕೆಲಸ ಒಂದೂ ಆಗ್ತಿಲ್ಲ.

ಫೆಬ್ರವರಿ 9, ಸೋಮವಾರ

ಇವತ್ತಿಂದ ಮತ್ತೆ ಮೊದಲಿಂದ. ಸಾಧುವನ್ನೂ ಒರಟನನ್ನೂ ಪೆಟ್ಟಿಗೆ ಅದಲುಬದಲು ಮಾಡಿ ಬೆಳೆಸೋದು, ಎರಡು ಕಡೆಯೂ ಶುದ್ಧ ಜೀವಕೋಶ ಇಡೋದು. ಶೈಲಾ ಮೇಡಂ ಒಪ್ಪಿದಾರೆ. ಒಬ್ಬಳಿಗೆ ಆಗೋ ಕೆಲಸ ಅಲ್ಲ, ಇನ್ನೊಂದು ಕೈ ಬೇಕು. ಕವನಾ ತನ್ನ ಥೀಸಿಸ್ ಬರೆಯೋದರಲ್ಲಿ ಮುಳುಗಿದಾಳೆ. ಬೆಳಿಗ್ಗೆಯಿಂದ ಎಲ್ಲರ ಮೇಲೂ ರೇಗ್ತಿದ್ದೆ.

ಆಗ ಗೇಟಿಂದ ಫೋನ್. ಹೊಸ ಸೆಕ್ಯೂರಿಟಿ ಮುನಿಯಣ್ಣ.

"ಮೇಡಂ, ಯಾರೋ ವಯಸ್ಸಾದೋರು ಬಂದವ್ರೆ. ಮೆಟ್ರೋದಿಂದ ನಡ್ಕೊಂಡ್ ಬಂದ್ರಂತೆ. ಅನಂತಲಕ್ಷ್ಮಿ ಅಂತೆ ಹೆಸ್ರು. ಯಾರನ್ನ ನೋಡ್ಬೇಕು ಅಂದ್ರೆ ನಿಮ್ಮ ಹೆಸ್ರು ಹೇಳ್ತವ್ರೆ. ಒಳಗೆ ಬಿಡ್ಲಾ, ಕಾಯಕ್ಕೆ ಹೇಳ್ಲಾ?"

ಮೆಟ್ಟಿಲನ್ನ ಎರಡೆರಡು ಹಾರಿಕೊಂಡು ಇಳಿದೆ. ಗೇಟ್ ಹೊರಗೆ ಬಿಸಿಲಲ್ಲಿ ನಿಂತಿದ್ರು, ಒಂದು ಕೈಲಿ ಊಟದ ಡಬ್ಬಿ, ಇನ್ನೊಂದು ಕೈಲಿ ಒಗೆದು ಮಡಚಿದ ಏಪ್ರನ್.

"ಒಳಗೆ ಬರಬಹುದಾ?" ಅಂದ್ರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಗೇಟಲ್ಲಿ ಯಾರು ಯಾರನ್ನ ನಿಲ್ಲಿಸೋದು? ಮುನಿಯಣ್ಣನ ಮೇಲೆ ಕೂಗಾಡಿದೆ. ಅವರೇ ತಡೆದು, "ಅವರ ಕೆಲಸ ಅವರು ಮಾಡ್ತಿದಾರೆ, ಬಾ" ಅಂದ್ರು. ಮೇಲೆ ಬಂದು ಏಪ್ರನ್ ಹಾಕ್ಕೊಂಡು, ಮೊಣಕೈ ಟೇಬಲ್ ಮೇಲೆ ಊರಿ, ನನ್ನ ಪಕ್ಕ ಕೂತ್ರು. ಅದೇ ನಿಧಾನ. ಊಟದ ಹೊತ್ತಿಗೆ ಮುಗಿಯಬೇಕಾದ್ದು ಸಂಜೆಯಾಯ್ತು.

ನಾಳೆ ಒಂಬತ್ತಕ್ಕೇ ಬರ್ತಾರಂತೆ. ನಾನು ಎಂಟೂವರೆಗೇ ಗೇಟ್ ಹತ್ರ ಇರಬೇಕು. ಮೊದಲ ಬಸ್ ಹಿಡೀಬೇಕು. ಹುಳಿಯವಲಕ್ಕಿ ಇಬ್ಬರಿಗಾಗೋಷ್ಟು ಮಾಡು ಅಂತ ಅಮ್ಮನಿಗೆ ಹೇಳಿದೀನಿ.